ಮರೆಮಾಡಿದ್ದನ್ನು ಇಲ್ಲವೆನ್ನಬೇಡಿ

ಆಂಟಾಲಜಿ ಎಡಿಟರ್‌ಗಳನ್ನು ಕಟ್ಟುವವರಿಗೆ ಒಂದು ಬಹಿರಂಗ ಪತ್ರ



ಈ ಪತ್ರ, ಬೇಕಾದ್ದನ್ನು ಆರಿಸಿ ತೋರಿಸಿ ಉಳಿದದ್ದನ್ನು ಮರೆಮಾಡುವ ಫಿಲ್ಟರ್ ಬಗ್ಗೆ. ಎಡಿಟರ್ ಕಟ್ಟುವಾಗ ನಿಮ್ಮ ಶ್ರಮದ ದೊಡ್ಡ ಪಾಲು ತರ್ಕ ನಡೆಸುವ ರೀಸನರ್‌ಗೆ, ಫೈಲ್ ಸ್ವರೂಪಕ್ಕೆ, ವೇಗಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತು; ಅದಕ್ಕೆ ಕೃತಜ್ಞಳೂ ಹೌದು. ಆದರೆ ಪದಗಳಿಗೆ ಅರ್ಥ ಬರೆದು, ಒಂದಕ್ಕೊಂದು ಕೊಂಡಿ ಹಾಕಿ, ತಪ್ಪು ಕೊಂಡಿ ಕಂಡರೆ ಕಿತ್ತುಹಾಕುವ ನಮ್ಮಂಥ ಸಂಪಾದಕರು ಆಂಟಾಲಜಿಯನ್ನು ನೋಡುವುದೇ ಫಿಲ್ಟರ್ ಮೂಲಕ. ಸಾವಿರಾರು ಪದಗಳನ್ನು ಒಂದೇ ನೋಟದಲ್ಲಿ ಹಿಡಿಯಬಲ್ಲವರು ಯಾರೂ ಇಲ್ಲ. ನೀವು ತೋರಿಸಿದ್ದರ ಮೇಲೆ ನಾವು ತೀರ್ಮಾನ ಮಾಡುತ್ತೇವೆ. ಏನನ್ನು ತೋರಿಸಲಿಲ್ಲ ಎಂಬುದನ್ನು ನೀವು ಹೇಳದೆ ಹೋದರೆ, ನಾವು ಸರಿಯಾಗಿ ಯೋಚಿಸಿಯೂ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಈ ಪತ್ರವನ್ನು ನಿಮ್ಮಾಚೆಗೂ ಕೆಲವರು ಓದುವುದರಿಂದ ಎರಡು ಮಾತು. ಇಲ್ಲಿ ಆಂಟಾಲಜಿ ಎಂದರೆ ಒಂದು ಜ್ಞಾನಕ್ಷೇತ್ರದ ಪದಗಳನ್ನೂ ಆ ಪದಗಳ ನಡುವಿನ ಸಂಬಂಧಗಳನ್ನೂ ಕಂಪ್ಯೂಟರ್ ತರ್ಕಿಸಬಲ್ಲಂತೆ ಬರೆದಿಟ್ಟ ವ್ಯವಸ್ಥೆ. ಜೀವವಿಜ್ಞಾನದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಜೀನ್ ಆಂಟಾಲಜಿ. ಹಣ್ಣುನೊಣ, ಯೀಸ್ಟ್ ಮತ್ತು ಇಲಿಯ ಜೀನ್ ಮಾಹಿತಿಯನ್ನು ಬೇರೆ ಬೇರೆ ಕಡೆ ಕೂಡಿಡುತ್ತಿದ್ದ ಮೂರು ಗುಂಪುಗಳು 1998ರಲ್ಲಿ ಒಟ್ಟಾಗಿ ಅದನ್ನು ಶುರುಮಾಡಿದವು. ಯೀಸ್ಟ್‌ನವರು ಒಂದು ಹೆಸರಿನಲ್ಲಿ, ನೊಣದವರು ಇನ್ನೊಂದು ಹೆಸರಿನಲ್ಲಿ ಒಂದೇ ಕೆಲಸವನ್ನು ಬಣ್ಣಿಸುತ್ತಿದ್ದ ಗೊಂದಲ ಅಲ್ಲಿಂದ ಕರಗತೊಡಗಿತು. ಇವತ್ತು ಅದರಲ್ಲಿ ಸುಮಾರು 40,000 ಪದಗಳಿವೆ. ಜೀನಿನ ಉತ್ಪನ್ನ ಅಣುಮಟ್ಟದಲ್ಲಿ ಏನು ಮಾಡುತ್ತದೆ, ಯಾವ ಜೈವಿಕ ಪ್ರಕ್ರಿಯೆಯಲ್ಲಿ ಪಾಲುಗೊಳ್ಳುತ್ತದೆ, ಜೀವಕೋಶದ ಯಾವ ಭಾಗದಲ್ಲಿ ಇರುತ್ತದೆ ಎಂಬ ಮೂರು ಪ್ರಶ್ನೆಗೆ ಮೂರು ಕವಲು. ಪದಗಳನ್ನು ಹೆಣೆಯುವ ಕೊಂಡಿಗಳಲ್ಲಿ ಮುಖ್ಯವಾದವು ‘ಈಸ್-ಎ’, ‘ಪಾರ್ಟ್-ಆಫ್’ ಮತ್ತು ‘ರೆಗ್ಯುಲೇಟ್ಸ್’: ಇದು ಅದರ ಒಂದು ಬಗೆ, ಇದು ಅದರ ಭಾಗ, ಇದು ಅದನ್ನು ನಿಯಂತ್ರಿಸುತ್ತದೆ.

ಇದು ದೂರದ ಪ್ರಯೋಗಾಲಯಗಳ ಸಂಗತಿಯಷ್ಟೇ ಎಂದು ಯಾರೂ ತಿಳಿಯಬಾರದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳ ಮುಂದಾಳತ್ವದಲ್ಲಿ ಓದಿದ ಎಂಎಲ್-365 ರಾಗಿ ತಳಿಯ ಜೀನೋಮ್ 2017ರಲ್ಲಿ ಪ್ರಕಟವಾಯಿತು; ಬರ ತಾಳುವ ಗುಣದ ಹುಡುಕಾಟ ಅದರ ಮುಖ್ಯ ಉದ್ದೇಶಗಳಲ್ಲಿ ಒಂದು. ಹೊಸ ಜೀನೋಮ್ ಒಂದು ಕೈಗೆ ಬಂದಾಗ ಅದರ ಸಾವಿರಾರು ಜೀನ್‌ಗಳನ್ನು ಒಂದೊಂದಾಗಿ ಪ್ರಯೋಗಕ್ಕೆ ಒಡ್ಡುವುದು ಸಾಧ್ಯವಿಲ್ಲ. ಈಗಾಗಲೇ ಗೊತ್ತಿರುವ ಸಸ್ಯಗಳ ಜೀನ್‌ಗಳೊಂದಿಗೆ ಹೋಲಿಸಿ, ಹೋಲಿದವಕ್ಕೆ ಆಂಟಾಲಜಿಯ ಪದಗಳನ್ನು ಹಚ್ಚುತ್ತಾರೆ. ನೀರಿನ ಕೊರತೆಗೆ ಸ್ಪಂದನೆ ಎಂಬ ಅರ್ಥದ ಪದ, ಜಿಒ:0009414, ಒಂದು ಜೀನಿಗೆ ಅಂಟಿದರೆ ಅದರ ಮೇಲಿನ ಪದಗಳೂ ತಾವಾಗಿಯೇ ಅದಕ್ಕೆ ಸಲ್ಲುತ್ತವೆ: ನೀರಿಗೆ ಸ್ಪಂದನೆ, ಒತ್ತಡಕ್ಕೆ ಸ್ಪಂದನೆ, ಅದರಾಚೆಗಿನ ವಿಶಾಲ ಪದಗಳು. ಬುಡದಿಂದ ತುದಿಯ ತನಕ ಯಾವ ಮೆಟ್ಟಿಲಲ್ಲಿ ನಿಂತು ಹೇಳಿದರೂ ಮಾತು ನಿಜವಾಗಿರಬೇಕು. ನಡುವೆ ಒಂದು ಕೊಂಡಿ ತಪ್ಪಿದರೆ, ಆ ದಾರಿಯಲ್ಲಿ ಬರುವ ಎಲ್ಲ ಜೀವಿಗಳ ಎಲ್ಲ ಜೀನ್‌ಗಳ ಬಗೆಗಿನ ಹೇಳಿಕೆ ಕೆಡುತ್ತದೆ. ಹೊಲದ ತನಕ ತಲುಪುವ ಸಂಶೋಧನೆಯ ಹಿಂದೆ, ಯಾವುದೋ ಎಡಿಟರಿನಲ್ಲಿ ಯಾರೋ ಹಾಕಿದ ಕೊಂಡಿ ಇದೆ.

ಈಗ ವಿಷಯಕ್ಕೆ ಬರುತ್ತೇನೆ. ಪದವನ್ನು ಫಿಲ್ಟರ್ ಮಾಡುವುದು ಬೇರೆ, ಕೊಂಡಿಯನ್ನು ಫಿಲ್ಟರ್ ಮಾಡುವುದು ಬೇರೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಹಾಕಿದ ಎಡಿಟರ್‌ಗಳು ನಮ್ಮನ್ನು ಎಲ್ಲಿಗೆ ಒಯ್ಯುತ್ತವೆ ಎನ್ನುವುದಕ್ಕೆ ಮೈಟೊಕಾಂಡ್ರಿಯದಷ್ಟು ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಜೀವಕೋಶದ ಶಕ್ತಿಯ ಬಹುಪಾಲು ತಯಾರಾಗುವುದು ಮೈಟೊಕಾಂಡ್ರಿಯದ ಒಳಪೊರೆಯಲ್ಲಿ. ಜೀನ್ ಆಂಟಾಲಜಿಯಲ್ಲಿ ಈ ಒಳಪೊರೆ, ‘ಮೈಟೊಕಾಂಡ್ರಿಯಲ್ ಇನ್ನರ್ ಮೆಂಬ್ರೇನ್’, ‘ಮೈಟೊಕಾಂಡ್ರಿಯಲ್ ಮೆಂಬ್ರೇನ್’ ಎಂಬುದರ ಒಂದು ಬಗೆ. ಅಲ್ಲಿರುವುದು ಈಸ್-ಎ ಕೊಂಡಿ. ಮೈಟೊಕಾಂಡ್ರಿಯಲ್ ಮೆಂಬ್ರೇನ್ ಎಂಬುದು ‘ಮೈಟೊಕಾಂಡ್ರಿಯಲ್ ಎನ್ವಲಪ್’ನ ಭಾಗ, ಅಲ್ಲಿ ಪಾರ್ಟ್-ಆಫ್. ಎನ್ವಲಪ್ ಮೈಟೊಕಾಂಡ್ರಿಯದ ಭಾಗ, ಮತ್ತೆ ಪಾರ್ಟ್-ಆಫ್. ಒಳಪೊರೆ ಮೈಟೊಕಾಂಡ್ರಿಯದ ಭಾಗ ಎಂದು ನೇರವಾಗಿ ಯಾರೂ ಬರೆದಿಲ್ಲ. ಬರೆಯುವ ಅಗತ್ಯವೂ ಇಲ್ಲ. ಒಂದು ವಸ್ತುವಿನ ಬಗೆ ಯಾವುದೋ ಅದಕ್ಕೂ ಆ ವಸ್ತುವಿನ ಭಾಗತ್ವ ಸಲ್ಲುತ್ತದೆ ಎಂಬ ನಿಯಮ ರೀಸನರ್‌ಗೆ ಗೊತ್ತು; ಮೂರು ಮೆಟ್ಟಿಲು ಹತ್ತಿ ಅದು ತಾನೇ ಹೇಳುತ್ತದೆ.

ನಾನು ಈಗ ಕೊಂಡಿಯ ಫಿಲ್ಟರ್ ಹಾಕಿ ಈಸ್-ಎ ಮಾತ್ರ ತೋರಿಸು ಎಂದು ಕೇಳಿದೆ ಎನ್ನಿ. ಮೈಟೊಕಾಂಡ್ರಿಯ ಎಂಬ ಪದವನ್ನು ತೆರೆದರೆ ಅದರ ಕೆಳಗೆ ಒಳಪೊರೆಯಿಲ್ಲ, ಹೊರಪೊರೆಯಿಲ್ಲ, ಮ್ಯಾಟ್ರಿಕ್ಸ್ ಇಲ್ಲ. ಇವೆಲ್ಲ ಬೇರೆ ಎಲ್ಲೋ ‘ಪೊರೆಗಳು’ ಮೊದಲಾದ ತಲೆಬರಹಗಳ ಅಡಿಯಲ್ಲಿ ಚದುರಿವೆ. ಇದು ಸುಳ್ಳಲ್ಲ, ನಾನು ಕೇಳಿದ್ದು ಬಗೆಗಳನ್ನು, ಭಾಗಗಳನ್ನು ಕೇಳಲಿಲ್ಲ. ಹೊಸದಾಗಿ ಬಂದ ಸಂಪಾದಕನಿಗೆ ಅಷ್ಟನ್ನು ತಿಳಿಸಿ ಹೇಳಬಹುದು.

ಕಷ್ಟ ಶುರುವಾಗುವುದು ತಿರುಗಿಸಿ ಕೇಳಿದಾಗ. ಪಾರ್ಟ್-ಆಫ್ ಮಾತ್ರ ತೋರಿಸು ಎಂದರೆ, ಬರೆದಿಟ್ಟ ಕೊಂಡಿಗಳನ್ನಷ್ಟೇ ನೋಡುವ ಎಡಿಟರ್ ಮೊದಲ ಮೆಟ್ಟಿಲಿನ ಈಸ್-ಎ ಕೊಂಡಿಯನ್ನು ಕಳಚುತ್ತದೆ. ಎನ್ವಲಪ್ ಮೈಟೊಕಾಂಡ್ರಿಯದ ಕೆಳಗೆ ಸರಿಯಾಗಿ ಕೂತಿರುತ್ತದೆ, ಪೊರೆ ಅದರ ಕೆಳಗೆ ಕೂತಿರುತ್ತದೆ, ಒಳಪೊರೆ ಮಾತ್ರ ಎಲ್ಲಿಗೂ ಸೇರದೆ ಅನಾಥವಾಗುತ್ತದೆ. ಪರದೆಯನ್ನು ನಂಬಿದರೆ ಒಳಪೊರೆ ಮೈಟೊಕಾಂಡ್ರಿಯದ ಭಾಗವಲ್ಲ. ಇದು ಅಪೂರ್ಣ ಉತ್ತರ ಎಂದು ಹೇಳಿ ದಾಟುವ ಹಾಗಿಲ್ಲ. ಇದು ತಪ್ಪು ಉತ್ತರ. ಭಾಗಗಳನ್ನು ತೋರಿಸು ಎಂದು ಕೇಳಿದವಳಿಗೆ ಬಹುಮುಖ್ಯ ಭಾಗವೊಂದನ್ನು ತೋರಿಸದೆ ಕಳಿಸಿದಂತಾಯಿತು. ಅನಾಥ ಪದವನ್ನು ಕಂಡ ಶ್ರದ್ಧಾವಂತ ಸಂಪಾದಕ ಏನು ಮಾಡುತ್ತಾನೆ? ಇಲ್ಲೊಂದು ಕೊಂಡಿ ಬಿಟ್ಟುಹೋಗಿದೆ ಎಂದುಕೊಂಡು ಒಳಪೊರೆಯಿಂದ ಮೈಟೊಕಾಂಡ್ರಿಯಕ್ಕೆ ನೇರವಾಗಿ ಹೊಸ ಪಾರ್ಟ್-ಆಫ್ ಎಳೆಯುತ್ತಾನೆ. ಅದು ತರ್ಕಕ್ಕೆ ವಿರುದ್ಧವಲ್ಲವಾದ್ದರಿಂದ ರೀಸನರ್ ತಡೆಯುವುದಿಲ್ಲ. ಹೀಗೆ ವರ್ಷ ವರ್ಷ ಬೇಡದ ಕೊಂಡಿಗಳು ಸೇರಿಕೊಳ್ಳುತ್ತವೆ. ಮುಂದೊಂದು ದಿನ ನಡುವಿನ ಪದವನ್ನು ತಿದ್ದಿದಾಗ ಈ ನೇರ ಕೊಂಡಿ ಮಾತ್ರ ಹಳೆಯ ಜಾಗದಲ್ಲೇ ನಿಂತು ಬಿಡುತ್ತದೆ.

ಆದ್ದರಿಂದ ನನ್ನ ಮೊದಲ ಬೇಡಿಕೆ ಕ್ರಮದ್ದು. ಮೊದಲು ತರ್ಕ ನಡೆಯಲಿ, ಆಮೇಲೆ ಫಿಲ್ಟರ್ ಬರಲಿ. ಇಡೀ ಆಂಟಾಲಜಿಯ ಮೇಲೆ ರೀಸನರ್ ಓಡಿ, ಎಲ್ಲ ಕೊಂಡಿಗಳೂ, ಬರೆದವೂ ಹೊಳೆದವೂ, ಕೈಗೆ ಬಂದ ಮೇಲೆ ನನಗೆ ಬೇಕಾದ ಬಗೆಯನ್ನು ಆರಿಸಿ ತೋರಿಸಿ. ಯಾವುದು ಮನುಷ್ಯ ಬರೆದ ಕೊಂಡಿ, ಯಾವುದು ಯಂತ್ರ ಊಹಿಸಿದ್ದು ಎಂಬುದು ಗೆರೆಯಲ್ಲೇ ಗೊತ್ತಾಗಲಿ. ಸಮಯ ಹೆಚ್ಚು ಹಿಡಿಯುತ್ತದೆ ಎನ್ನುತ್ತೀರಾ? ಹಿಡಿಯಲಿ. ರೀಸನರ್ ಇನ್ನೂ ಓಡಿಲ್ಲವಾದರೆ, ಈ ನೋಟ ಬರೆದ ಕೊಂಡಿಗಳದ್ದು ಮಾತ್ರ ಎಂದು ಫಲಕದ ನೆತ್ತಿಯಲ್ಲಿ ಹೇಳಿ.

ಇದು ಯಾರೂ ಕಂಡರಿಯದ ಕನಸೇನಲ್ಲ. ಡ್ಯಾಗ್-ಎಡಿಟ್ ಎಂಬ ಹೆಸರಿನಲ್ಲಿ ಹುಟ್ಟಿ ಆಮೇಲೆ ಓಬಿಓ-ಎಡಿಟ್ ಆದ ತಂತ್ರಾಂಶವನ್ನು ನಿಮ್ಮಲ್ಲಿ ಹಿರಿಯರು ಬಲ್ಲಿರಿ. ಜಾನ್ ಡೇ-ರಿಕ್ಟರ್ ಮತ್ತು ಸಂಗಡಿಗರು 2007ರಲ್ಲಿ ‘ಬಯೋಇನ್ಫರ್ಮ್ಯಾಟಿಕ್ಸ್’ ಪತ್ರಿಕೆಯಲ್ಲಿ ಅದನ್ನು ಜೀವವಿಜ್ಞಾನಿಗಳ ಎಡಿಟರ್ ಎಂದು ಪರಿಚಯಿಸಿದರು. ಅದರಲ್ಲಿ ಪದದ ಫಿಲ್ಟರ್ ಒಂದಿತ್ತು, ಕೊಂಡಿಯ ಫಿಲ್ಟರ್ ಇನ್ನೊಂದಿತ್ತು. ಕೊಂಡಿಯ ಬಗ್ಗೆ ಪ್ರಶ್ನೆ ಕೇಳುವಾಗ, ನಿನ್ನ ಷರತ್ತು ಕೊಂಡಿಯ ಬಗೆಗೋ, ಅದರ ಕೆಳತುದಿಯ ಪದಕ್ಕೋ, ಮೇಲ್ತುದಿಯ ಪದಕ್ಕೋ ಎಂದು ಅದು ಮರಳಿ ಕೇಳುತ್ತಿತ್ತು. ಈ ಒಂದು ಪ್ರಶ್ನೆಯಲ್ಲಿ ದೊಡ್ಡ ತಿಳಿವಳಿಕೆ ಅಡಗಿದೆ. ಕೊಂಡಿ ಎಂದರೆ ಎರಡು ಪದಗಳ ನಡುವಿನ ಬರೀ ಗೆರೆಯಲ್ಲ. ಅದೇ ಒಂದು ಹೇಳಿಕೆ, ಅದಕ್ಕೆ ತನ್ನದೇ ಸತ್ಯಾಸತ್ಯ ಇದೆ. ಆ ತಂತ್ರಾಂಶ ಈಗ ನಿವೃತ್ತಿಯಾಗಿದೆ. ಜೀನ್ ಆಂಟಾಲಜಿ ಬಳಗ ಓಡಬ್ಲ್ಯುಎಲ್ ಭಾಷೆಗೂ ಸ್ಟ್ಯಾನ್‌ಫರ್ಡ್‌ನ ಪ್ರೊಟೆಜೆ ಎಡಿಟರಿಗೂ ಹೊರಳಿತು. ಹೊರಳಿದ್ದು ಸರಿ ಎಂದೇ ನನ್ನ ನಂಬಿಕೆ. ತರ್ಕದ ಬಲ ಅಲ್ಲಿ ಎಷ್ಟೋ ಪಾಲು ಹೆಚ್ಚು, ಬರೆದ ಶ್ರೇಣಿ ಮತ್ತು ಊಹಿಸಿದ ಶ್ರೇಣಿಯನ್ನು ಅದು ಬೇರೆ ಬೇರೆಯಾಗಿ ತೋರಿಸುವ ರೀತಿಯೂ ಶ್ಲಾಘ್ಯ. ಆದರೆ ಓಡಬ್ಲ್ಯುಎಲ್ ಎಡಿಟರ್‌ಗಳಲ್ಲಿ ವರ್ಗಗಳ ವೃಕ್ಷ ಎಂದರೆ ಮೊದಲಿಗೆ ಈಸ್-ಎ ವೃಕ್ಷವೇ. ಪಾರ್ಟ್-ಆಫ್ ಎಂಬುದು ಪಕ್ಕದ ಫಲಕದಲ್ಲಿ ಒಂದು ನಿರ್ಬಂಧದ ಸಾಲಾಗಿ ಕೂರುತ್ತದೆ. ಅಂಗರಚನೆ, ಜೀವಕೋಶ, ಸಸ್ಯದ ಭಾಗ ಇವುಗಳೊಂದಿಗೆ ಕೆಲಸ ಮಾಡುವವರಿಗೆ ಭಾಗತ್ವವೇ ಜೀವಾಳ. ಕೊಂಡಿಯನ್ನು ಕೊಂಡಿಯಾಗಿ ಕಂಡು ಪ್ರಶ್ನಿಸುವ ಆ ಹಳೆಯ ಸೌಲಭ್ಯ ಹೊಸ ಎಡಿಟರ್‌ಗಳಲ್ಲಿ ಪ್ಲಗಿನ್ ಹುಡುಕಿ ಪಡೆಯುವ ವಸ್ತುವಾಗಬಾರದು.

ಪದದ ಫಿಲ್ಟರಿಗೆ ಬರೋಣ. ನಡುವಿನ ಪದವೊಂದನ್ನು ಮರೆಮಾಡಿದಾಗ ಅದರ ಕೆಳಗಿನವು ಎಲ್ಲಿಗೆ ಹೋಗಬೇಕು? ವಂಶವೃಕ್ಷದಲ್ಲಿ ಅಪ್ಪನ ಹೆಸರನ್ನು ಮುಚ್ಚಿದರೆ ಮೊಮ್ಮಗನನ್ನು ಅಜ್ಜನ ಕೆಳಗೆ ಬರೆಯಬಹುದು, ಆದರೆ ಮಗನ ಜಾಗದಲ್ಲಿ ಬರೆಯುವಂತಿಲ್ಲ. ನಡುವೆ ಒಂದು ತಲೆಮಾರು ಇದೆ ಎಂಬ ಗುರುತು ಉಳಿಯಲೇಬೇಕು. ಕಮಾಂಡ್‌ಲೈನಿನಲ್ಲಿ ಓಡುವ ರೋಬಾಟ್ ಎಂಬ ಸಾಧನ ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿದೆ. ಅದರ ‘ಫಿಲ್ಟರ್’ ಮತ್ತು ‘ರಿಮೂವ್’ ಆಜ್ಞೆಗಳಲ್ಲಿ ‘ಪ್ರಿಸರ್ವ್ ಸ್ಟ್ರಕ್ಚರ್’ ಎಂಬ ಆಯ್ಕೆ ಇದೆ, ನೀವು ಏನೂ ಹೇಳದಿದ್ದರೆ ಅದು ಚಾಲೂ ಇರುತ್ತದೆ. ನಡುವಿನ ಪದ ಹೋದರೆ ಕೆಳಗಿನದನ್ನು ಉಳಿದವುಗಳಲ್ಲಿ ಹತ್ತಿರದ ಮೇಲ್ಪದಕ್ಕೆ ಸೇರಿಸಿ ಖಾಲಿ ತುಂಬುತ್ತದೆ. ಬೇಡವೆನಿಸಿದರೆ ನಾವೇ ಹೇಳಿ ನಿಲ್ಲಿಸಬಹುದು. ಒಳ್ಳೆಯ ನಿರ್ಧಾರ, ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದ ನಿರ್ಧಾರ. ಪರದೆಯ ಮೇಲಿನ ಎಡಿಟರ್‌ಗಳಲ್ಲಿ ಇದೇ ನಿರ್ಧಾರ ಯಾರ ಗಮನಕ್ಕೂ ಬಾರದೆ ಒಳಗೊಳಗೇ ನಡೆದುಹೋಗುವುದು ನನ್ನ ಆತಂಕ. ಖಾಲಿ ತುಂಬಿದ ಗೆರೆಯನ್ನು ಚುಕ್ಕಿಗೆರೆಯಾಗಿ ಬರೆಯಿರಿ. ನಡುವೆ ಎಷ್ಟು ಪದ ಮರೆಯಾಗಿವೆ ಎಂಬ ಸಂಖ್ಯೆಯನ್ನು ಅದರ ಮೇಲೆಯೇ ಇಡಿ. ಒತ್ತಿದರೆ ಅಷ್ಟು ಭಾಗ ಮಾತ್ರ ತೆರೆದುಕೊಳ್ಳಲಿ.

ಎಲ್ಲ ಕೊಂಡಿಗಳನ್ನೂ ಒಂದೇ ಬಣ್ಣದಲ್ಲಿ ತೋರಿಸುವ ನೋಟದ ಅಪಾಯ ಇದಕ್ಕಿಂತ ದೊಡ್ಡದು. ಬಿಸಿಎಲ್-2 ಎಂಬ ಜೀನ್ ಜೀವಕೋಶದ ಸಾವನ್ನು ತಡೆಯುತ್ತದೆ. ಒಂದು ಬಗೆಯ ದುಗ್ಧರಸ ಗ್ರಂಥಿ ಕ್ಯಾನ್ಸರಿನಲ್ಲಿ ಸಿಕ್ಕ ಜೀನ್ ಅದು. ಸಾಯಬೇಕಾದ ಕೋಶ ಅದರಿಂದಾಗಿ ಬದುಕುಳಿಯುತ್ತದೆ ಎಂದು ಮೆಲ್ಬರ್ನ್‌ನ ವಿಜ್ಞಾನಿಗಳು 1988ರಲ್ಲಿ ತೋರಿಸಿದರು. ಆಂಟಾಲಜಿಯಲ್ಲಿ ಈ ತಡೆಯುವ ಕೆಲಸಕ್ಕೂ ಕೋಶದ ಸಾವಿನ ಪ್ರಕ್ರಿಯೆಗೂ ನಡುವೆ ಇರುವುದು ‘ನೆಗೆಟಿವ್ಲಿ ರೆಗ್ಯುಲೇಟ್ಸ್’ ಎಂಬ ಕೊಂಡಿ. ಜೀನ್‌ಗಳನ್ನು ಗುಂಪುಗೂಡಿಸುವಾಗ ಈಸ್-ಎ ಮತ್ತು ಪಾರ್ಟ್-ಆಫ್ ಹಿಡಿದು ಮೇಲೇರುವುದು ಸುರಕ್ಷಿತ. ನಿಯಂತ್ರಣದ ಕೊಂಡಿ ಹಿಡಿದು ಏರಿದರೆ ಸಾವನ್ನು ತಡೆಯುವ ಜೀನ್ ಸಾವಿನ ಜೀನ್‌ಗಳ ಲೆಕ್ಕಕ್ಕೆ ಬೀಳುತ್ತದೆ. ಕ್ಯಾನ್ಸರ್ ಬಗ್ಗೆ ಓದುವ ವಿದ್ಯಾರ್ಥಿಯೊಬ್ಬಳು ಆ ಲೆಕ್ಕವನ್ನು ನಂಬಿ ಪ್ರಬಂಧ ಬರೆಯಬಹುದು. ಇಲ್ಲಿ ಕೊಂಡಿಯ ಫಿಲ್ಟರ್ ಅನುಕೂಲಕ್ಕೆಂದು ಇರುವ ಸೌಲಭ್ಯವಲ್ಲ. ಅದು ಇಲ್ಲದೆ ಸರಿಯಾದ ಉತ್ತರವೇ ಇಲ್ಲ.

ದಿಕ್ಕಿನ ವಿಷಯವೂ ಹಾಗೆಯೇ. ಪ್ರತಿಯೊಂದು ನ್ಯೂಕ್ಲಿಯಸ್ ಒಳಗೂ ಕ್ರೋಮೋಸೋಮ್ ಇದೆ, ಆದರೆ ಬ್ಯಾಕ್ಟೀರಿಯಾದ ಕ್ರೋಮೋಸೋಮ್ ಯಾವ ನ್ಯೂಕ್ಲಿಯಸ್ ಒಳಗೂ ಇಲ್ಲ. ಹೀಗಾಗಿ ನ್ಯೂಕ್ಲಿಯಸ್‌ನಿಂದ ಕ್ರೋಮೋಸೋಮ್‌ಗೆ ‘ಹ್ಯಾಸ್-ಪಾರ್ಟ್’ ಎಂದು ಬರೆಯಬಹುದು, ತಿರುಗಿಸಿ ಎಲ್ಲ ಕ್ರೋಮೋಸೋಮ್‌ಗಳೂ ನ್ಯೂಕ್ಲಿಯಸ್‌ನ ಭಾಗ ಎನ್ನಲಾಗದು. ಒಂದು ಕೊಂಡಿಯನ್ನು ಮರೆಮಾಡಿದಾಗ ಅದರ ಎದುರು ದಿಕ್ಕಿನದನ್ನೂ ಜೊತೆಗೇ ಮರೆಮಾಡುವ ‘ಜಾಣತನ’ವನ್ನು ದಯವಿಟ್ಟು ಬಿಡಿ.

ಇನ್ನು ನಿವೃತ್ತ ಪದಗಳು. ಹಳೆಯದಾದ, ತಪ್ಪೆಂದು ಕಂಡುಬಂದ ಪದವನ್ನು ನಾವು ಅಳಿಸುವುದಿಲ್ಲ. ಅದರ ಸಂಖ್ಯೆ ಹಾಗೆಯೇ ಉಳಿಯುತ್ತದೆ, ಕೊಂಡಿಗಳನ್ನು ಮಾತ್ರ ಕಳಚುತ್ತೇವೆ. ಏಕೆ ತೆಗೆದೆವು, ಬದಲಿಗೆ ಯಾವುದನ್ನು ಬಳಸಬೇಕು ಅಥವಾ ಪರಿಶೀಲಿಸಬೇಕು ಎಂದು ಅದರ ಮೇಲೆ ಬರೆದಿಡುತ್ತೇವೆ. ವೃಕ್ಷದಲ್ಲಿ ಇವನ್ನು ಮರೆಮಾಡುವುದು ನ್ಯಾಯವೇ, ಹೇಗೂ ಅಲ್ಲಿ ಅವಕ್ಕೆ ಜಾಗವಿಲ್ಲ. ಹುಡುಕಾಟದಲ್ಲಿ ಮರೆಮಾಡುವುದು ಅನ್ಯಾಯ. ಹೊಸ ಪದ ಬೇಕೆಂದು ಹುಡುಕುವವನು ಏನೂ ಸಿಗದೆ, ಹತ್ತು ವರ್ಷದ ಹಿಂದೆ ಚರ್ಚಿಸಿ ಕೈಬಿಟ್ಟ ಪದವನ್ನೇ ಮತ್ತೆ ಸೃಷ್ಟಿಸುತ್ತಾನೆ. ಆ ಚರ್ಚೆಯ ಫಲವೆಲ್ಲ ಒಂದು ಟಿಕ್ ಗುರುತಿನ ಹಿಂದೆ ಅಡಗಿ ಕೂತಿರುತ್ತದೆ.

ಹೆಸರಿನ ಫಿಲ್ಟರಿಗೂ ಇದೇ ರೋಗ. ಕೋಶದ ಸಾವಿನ ಒಂದು ಬಗೆಗಿರುವ ‘ಅಪಾಪ್ಟೋಸಿಸ್’ ಎಂಬ ಜನಪ್ರಿಯ ಹೆಸರು ಜೀನ್ ಆಂಟಾಲಜಿಯಲ್ಲಿ ಈಗ ಪದದ ಮುಖ್ಯ ಹೆಸರಲ್ಲ. ಪದದ ಹೆಸರು ‘ಅಪಾಪ್ಟಾಟಿಕ್ ಪ್ರೋಸೆಸ್’. ಹಳೆಯ ಹೆಸರು ಸಮಾನಾರ್ಥಕಗಳ ಪಟ್ಟಿಯಲ್ಲಿದೆ. ಸಮಾನಾರ್ಥಕಗಳನ್ನು ನೋಡದ ಫಿಲ್ಟರ್ ಬಳಸಿದವರಿಗೆ ಆ ಪ್ರಕ್ರಿಯೆಯೇ ಸಿಗುವುದಿಲ್ಲ. ನಮ್ಮ ಭಾಷೆಗೂ ಇದರಲ್ಲಿ ಪಾಲಿದೆ. ಓಡಬ್ಲ್ಯುಎಲ್‌ನಲ್ಲಿ ಪ್ರತಿ ಹೆಸರಿಗೂ ಭಾಷೆಯ ಗುರುತು ಹಚ್ಚಬಹುದು, ಕನ್ನಡಕ್ಕೂ ಅಲ್ಲಿ ಅದರದೇ ಎರಡಕ್ಷರದ ಸಂಕೇತ ಇದೆ. ಕೃಷಿಯ ಪದಗಳಿಗೆ ಕನ್ನಡ ಹೆಸರು ಸೇರಿಸುವ ಕೆಲಸ ಶುರುವಾದಾಗ ಮೊದಲ ದಿನವೇ ಎಲ್ಲವೂ ತುಂಬಿರುವುದಿಲ್ಲ. ಕನ್ನಡ ಹೆಸರು ತೋರಿಸು ಎಂದಾಗ, ಕನ್ನಡ ಹೆಸರಿಲ್ಲದ ಪದ ಇಂಗ್ಲಿಷ್ ಹೆಸರಿನಲ್ಲಾದರೂ ಕಾಣಬೇಕು. ಮಾಯವಾಗಬಾರದು. ಯಾವುದಕ್ಕೆ ಇನ್ನೂ ಕನ್ನಡ ಬರೆಯಬೇಕಿದೆ ಎಂದು ನಾವು ತಿಳಿಯುವುದು ಆ ಖಾಲಿಗಳಿಂದಲೇ.

ಮರೆಮಾಡದೆಯೂ ಆರಿಸಬಹುದು ಎಂಬುದನ್ನು ಓಬಿಓ-ಎಡಿಟ್ ತೋರಿಸಿಕೊಟ್ಟಿತ್ತು. ಅಲ್ಲಿ ಫಿಲ್ಟರಿಗೆ ಒಗ್ಗಿದ ಪದಗಳಿಗೆ ಬಣ್ಣ ಕೊಡಬಹುದಿತ್ತು. ಉಳಿದವು ತಮ್ಮ ಜಾಗದಲ್ಲೇ ಇರುತ್ತಿದ್ದವು. ಸಸ್ಯಗಳಿಗೆ ಸಲ್ಲುವ ಪದಗಳನ್ನು ಹಸಿರಾಗಿಸಿ, ಸಸ್ತನಿಗಳಿಗೆ ಮಾತ್ರ ಸಲ್ಲುವ ‘ಲ್ಯಾಕ್ಟೇಶನ್’ನಂಥವನ್ನು ಮಸುಕಾಗಿಸಿದರೆ, ರಾಗಿಯ ಜೀನಿಗೆ ಹಾಲೂಡಿಸುವ ಪ್ರಕ್ರಿಯೆಯ ಪದ ಅಂಟಿದ್ದು ಕಣ್ಣಿಗೆ ರಾಚುತ್ತದೆ. ಆ ಪದವನ್ನು ಮರೆಮಾಡಿದ ನೋಟದಲ್ಲಿ ಈ ತಪ್ಪು ತಪ್ಪಾಗಿ ಕಾಣುವುದೇ ಇಲ್ಲ. ಬಣ್ಣ ಮೊದಲ ಆಯ್ಕೆಯಾಗಲಿ, ಮರೆಮಾಡುವುದು ಎರಡನೆಯದಾಗಲಿ.

ಕೊನೆಯದು ಉಳಿಸುವ ಗುಂಡಿ. ನನ್ನನ್ನು ನಿಜಕ್ಕೂ ಹೆದರಿಸುವುದು ಇದು. ಫಿಲ್ಟರ್ ಹಾಕಿದ ನೋಟವನ್ನೇ ಫೈಲಾಗಿ ಉಳಿಸುವುದು ಒಮ್ಮೊಮ್ಮೆ ಬೇಕಾದ ಕೆಲಸವೇ. ಜೀನ್ ಆಂಟಾಲಜಿ ಬಳಗವೇ ‘ಗೋ-ಬೇಸಿಕ್’ ಎಂಬ ಫೈಲನ್ನು ಹಂಚುತ್ತದೆ. ಈಸ್-ಎ, ಪಾರ್ಟ್-ಆಫ್ ಮತ್ತು ನಿಯಂತ್ರಣದ ಕೊಂಡಿಗಳನ್ನಷ್ಟೇ ಇಟ್ಟು, ಮೂರು ಕವಲುಗಳ ನಡುವೆ ಹಾಯುವ ಕೊಂಡಿಗಳನ್ನೂ ಹ್ಯಾಸ್-ಪಾರ್ಟ್ ಅನ್ನೂ ಬಿಟ್ಟು ಮಾಡಿದ ಫೈಲದು. ಸುತ್ತಿ ಮತ್ತೆ ಹೊರಟಲ್ಲಿಗೇ ಬರುವ ದಾರಿ ಅದರಲ್ಲಿ ಇರುವುದಿಲ್ಲ ಎಂಬ ಭರವಸೆಯಿಂದಾಗಿ ಎಷ್ಟೋ ವಿಶ್ಲೇಷಣಾ ತಂತ್ರಾಂಶಗಳು ಅದನ್ನು ನೆಚ್ಚಿವೆ. ಏನಿದೆ, ಏನಿಲ್ಲ ಎಂದು ಹಂಚುವವರೇ ಮುಂದಾಗಿ ಹೇಳಿರುವುದರಿಂದ ಅದರಲ್ಲಿ ಮೋಸವಿಲ್ಲ. ನಿಮ್ಮ ಎಡಿಟರಿನಲ್ಲಿ ಸಂಜೆ ಕೆಲಸ ಮುಗಿಸಿ ಉಳಿಸುವಾಗ ಇಂಥ ಹೇಳಿಕೆ ಎಲ್ಲಿದೆ? ಒಂದು ಫಿಲ್ಟರ್ ಚಾಲೂ ಇದ್ದಾಗ ಉಳಿಸಿದರೆ ಪೂರ್ತಿ ಆಂಟಾಲಜಿ ಉಳಿಯಬೇಕು. ಫಿಲ್ಟರ್ ಮಾಡಿದ ಪ್ರತಿ ಬೇಕೆಂದರೆ ನಾನು ಬೇರೆ ಮೆನುವಿಗೆ ಹೋಗಿ, ಬೇರೆ ಹೆಸರು ಕೊಟ್ಟು ಕೇಳುತ್ತೇನೆ. ಆ ಪ್ರತಿಯ ತಲೆಯಲ್ಲಿ ಫಿಲ್ಟರಿನ ಷರತ್ತು ಓದುವ ವಾಕ್ಯವಾಗಿ ಬರಲಿ: ಯಾವ ಪದಗಳು, ಯಾವ ಕೊಂಡಿಗಳು, ರೀಸನರ್ ಓಡಿದ ಮೇಲೋ ಮೊದಲೋ, ಯಾವ ಆವೃತ್ತಿಯಿಂದ. ಮೇಲ್ಪದ ಫೈಲಿನಲ್ಲಿ ಇಲ್ಲದೆ ನೇತಾಡುವ ಕೊಂಡಿಗಳು ಉಳಿದಿದ್ದರೆ ಅವುಗಳ ಪಟ್ಟಿಯೂ ಇರಲಿ.

ಮುಂದಿನ ಆವೃತ್ತಿಯಲ್ಲಿ ಇವೆಲ್ಲ ಆಗದಿದ್ದರೂ ಒಂದನ್ನು ಮಾಡಿ: ಫಿಲ್ಟರ್ ಚಾಲೂ ಇರುವಷ್ಟು ಹೊತ್ತೂ ಪರದೆಯ ಕೆಳಗೆ ಮರೆಯಾದ ಪದಗಳ ಸಂಖ್ಯೆ ಮತ್ತು ಮರೆಯಾದ ಕೊಂಡಿಗಳ ಸಂಖ್ಯೆಯನ್ನು ಬೇರೆ ಬೇರೆಯಾಗಿ ತೋರಿಸಿ. ಅದಕ್ಕೆ ರೀಸನರ್ ಬೇಕಿಲ್ಲ, ಹೊಸ ಫಲಕವೂ ಬೇಕಿಲ್ಲ.


ಪದ ಮತ್ತು ಕೊಂಡಿಗಳ ನಡುವೆ ಕೆಲಸ ಮಾಡುವ ಒಬ್ಬ ಸಂಪಾದಕಿ